ಕಾಲ್ಮರಿ ಮತ್ತು ನನ್ನ ಸಹಿ

ಆ ಹಾಳೆ ನನ್ನ ಮೇಜಿಗೆ ಬಂದದ್ದು ಒಂದು ಬುಧವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಅದರಲ್ಲಿ ಇದ್ದದ್ದು ಎರಡೇ ವಾಕ್ಯ. ಮಧ್ಯಾಹ್ನ ಒಂದು ಗಂಟೆಯೊಳಗೆ ಎರಡನ್ನೂ ಅನುವಾದಿಸಿ ಸಹಿ ಹಾಕಿದೆ. ಆಮೇಲಿನ ನಾಲ್ಕು ದಿನ ಆ ಸಹಿಯನ್ನು ವಾಪಸ್ಸು ಪಡೆಯುವುದರಲ್ಲಿ ಕಳೆದವು.

ಕತಾರಿನ ಫುಟ್‌ಬಾಲ್ ವಿಶ್ವಕಪ್ಪಿಗೆ ಇನ್ನೂ ಮೂರು ವರ್ಷವಿತ್ತು. ದೋಹಾದ ಯಾವ ರಸ್ತೆಗೆ ಹೋದರೂ ಒಂದು ಬದಿ ಅಗೆದಿರುತ್ತಿತ್ತು. ಮದೀನತ್ ಖಲೀಫಾದ ನಮ್ಮ ಅನುವಾದ ಕಚೇರಿಗೆ ಕಟ್ಟಡ ಗುತ್ತಿಗೆದಾರರ ಕಾಗದಗಳು ಕಟ್ಟುಕಟ್ಟಾಗಿ ಬರುತ್ತಿದ್ದವು. ಕನ್ನಡದ ಕೆಲಸ ಮಾತ್ರ ಕಡಿಮೆ. ಬಂದರೆ ಜನನ ಪ್ರಮಾಣಪತ್ರ, ಮದುವೆ ನೋಂದಣಿ, ಅಂಕಪಟ್ಟಿ ಇಷ್ಟೇ. ಕನ್ನಡದಿಂದ ಇಂಗ್ಲಿಷಿಗೆ ನಾನು ತರಬೇಕು. ನನ್ನ ಇಂಗ್ಲಿಷನ್ನು ಪಕ್ಕದ ಮೇಜಿನ ಸುಡಾನಿನ ಹಿರಿಯರು ಅರಬ್ಬಿಗೆ ತರುತ್ತಾರೆ. ಅವರನ್ನು ನಾವೆಲ್ಲ ಉಸ್ತಾದ್ ಎಂದೇ ಕರೆಯುತ್ತಿದ್ದೆವು. ಕೊನೆಗೆ ಇಬ್ಬರ ಸಹಿ, ಕಚೇರಿಯ ಮುದ್ರೆ. ಮುದ್ರೆ ಬಿದ್ದ ಮೇಲೆ ಆ ಕಾಗದಕ್ಕೆ ಕಾನೂನಿನ ಬಲ ಬರುತ್ತದೆ.

ಹಾಳೆ ತಂದವರು ಒಂದು ಗುತ್ತಿಗೆ ಕಂಪನಿಯ ಪಿಆರ್‌ಓ, ಅಂದರೆ ಕಂಪನಿಯ ಕಾಗದಪತ್ರ ಹಿಡಿದು ಕಚೇರಿಗಳಿಗೆ ಓಡಾಡುವವರು. ಉಡುಪಿ ಕಡೆಯವರು, ಮನೆಮಾತು ತುಳು. ಎಂದಿನಂತೆ ನಗಲಿಲ್ಲ.

“ಇದು ಸ್ವಲ್ಪ ಅರ್ಜೆಂಟ್ ಉಂಟು ಮೇಡಂ. ಭಾನುವಾರ ಎನ್‌ಕ್ವೈರಿ. ನಮ್ಮ ಒಬ್ಬ ಲೇಬರ್, ಸೇಫ್ಟಿ ಎಂಜಿನಿಯರಿಗೆ ಬೆದರಿಕೆ ಹಾಕಿದ್ದಾನೆ. ವಾಯ್ಸ್ ಮೆಸೇಜ್. ನಾನೇ ಕೇಳಿ ಟೈಪ್ ಮಾಡಿದ್ದೇನೆ.”

ನಡೆದದ್ದನ್ನು ಅವರು ನಿಂತಲ್ಲೇ ಹೇಳಿದರು. ಉತ್ತರ ಕರ್ನಾಟಕದ ಒಬ್ಬ ಕಬ್ಬಿಣ ಕಟ್ಟುವ ಕೆಲಸಗಾರ ತನ್ನ ಸೇಫ್ಟಿ ಬೂಟಿನ ಮುಂಭಾಗವನ್ನು ಬ್ಲೇಡಿನಿಂದ ಕತ್ತರಿಸಿಕೊಂಡು ಓಡಾಡುತ್ತಿದ್ದ. ಸುರಕ್ಷತಾ ಎಂಜಿನಿಯರ್ ಅದನ್ನು ನೋಡಿ ಎಲ್ಲರೆದುರು ಅವನ ಗೇಟ್ ಪಾಸ್ ಕಿತ್ತುಕೊಂಡು ಸೈಟಿನಿಂದ ಹೊರಗೆ ಕಳಿಸಿದರು. ಅವನು ಕೂಗಾಡಿದ. ಎಂಟು ದಿನಗಳ ನಂತರ ಎಂಜಿನಿಯರರ ಫೋನಿಗೆ ಈ ಸಂದೇಶ ಬಂತು. ಎಂಜಿನಿಯರ್ ಜೋರ್ಡಾನಿನವರು, ಕನ್ನಡ ತಿಳಿಯದೆ ಪಿಆರ್‌ಓ ಅವರನ್ನು ಕೇಳಿದ್ದರು.

ಹಾಳೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಇತ್ತು. ನಾನು ಓದಿಕೊಂಡದ್ದು ಹೀಗೆ: ‘ನೀವ್ ಮಾಡಿದ್ದು ನಾ ಸಾಯೂತನಕ ಮರಿಯೂದಿಲ್ಲ. ಚರ್ಮ ಸುಲ್ದು ಕಾಲ್ ಮುರಿ ಮಾಡಿ ಕೊಡ್ತೀನಿ.’

ಸಾಯುವತನಕ ಮರೆಯುವುದಿಲ್ಲ, ಚರ್ಮ ಸುಲಿದು ಕಾಲು ಮುರಿಯುತ್ತೇನೆ. ಇದರಲ್ಲಿ ಅನುಮಾನಕ್ಕೆ ಏನಿದೆ?

ಆದರೂ ಪದ್ಧತಿ ಎಂದು ಒಂದಿದೆ. ಮೂಲ ಧ್ವನಿಯನ್ನು ಕೇಳದೆ ಬರೆದುಕೊಟ್ಟದ್ದನ್ನಷ್ಟೇ ಅನುವಾದಿಸಿದರೆ, ಕೆಳಗೆ ‘ಧ್ವನಿಮುದ್ರಣವನ್ನು ಅನುವಾದಕಿ ಕೇಳಿಲ್ಲ’ ಎಂದು ಒಂದು ಸಾಲು ಹಾಕಬೇಕು. ಹಾಕಲು ಹೊರಟೆ. ಪಿಆರ್‌ಓ ತಡೆದರು.

“ಅದೊಂದು ಬೇಡ ಮೇಡಂ. ಆ ಲೈನ್ ಇದ್ರೆ ಕಮಿಟಿಯವರು ತಗೊಳ್ಳುದಿಲ್ಲ, ಪುನಃ ನನ್ನನ್ನೇ ಓಡಿಸ್ತಾರೆ. ನಾನೇ ಕೇಳಿದ್ದೇನಲ್ಲ, ನಾನೂ ಕನ್ನಡದವನೇ ಅಲ್ವಾ?”

ನಾನು ಆ ಸಾಲನ್ನು ಬಿಟ್ಟೆ. ಇನ್ನೊಂದು ತಪ್ಪೂ ಮಾಡಿದೆ. ‘ಕಾಲ್ ಮುರಿ ಮಾಡಿ ಕೊಡ್ತೀನಿ’ ಎನ್ನುವುದು ಕನ್ನಡದ ಜಾಯಮಾನವಲ್ಲ. ಅದನ್ನು ಕಂಡೂ ಕಾಣದವಳಂತೆ ಇಂಗ್ಲಿಷಿನಲ್ಲಿ ‘ನಿನ್ನ ಚರ್ಮ ಸುಲಿದು ಕಾಲು ಮುರಿಯುತ್ತೇನೆ’ ಎಂದು ನೇರ್ಪುಗೊಳಿಸಿದೆ. ‘ನಿನ್ನ’ ಎಂಬ ಪದ ಹಾಳೆಯಲ್ಲಿ ಇರಲೇ ಇಲ್ಲ. ಇಂಗ್ಲಿಷಿಗೆ ಬೇಕಿತ್ತು, ಸೇರಿಸಿದೆ. ಉಸ್ತಾದರು ಅರಬ್ಬಿ ಮಾಡಿದರು. ಮುದ್ರೆ ಬಿತ್ತು.

ಅಂದು ಅಲ್ ಗರಾಫಾದ ಮನೆಗೆ ಕಾರು ಓಡಿಸಿಕೊಂಡು ಬರುವಾಗ ಆ ಕ್ರಿಯಾಪದ ಕಾಡತೊಡಗಿತು. ಮಾಡಿ ಕೊಡ್ತೀನಿ. ಕಾಫಿ ಮಾಡಿ ಕೊಡುತ್ತೇವೆ, ಅರ್ಜಿ ಬರೆದು ಕೊಡುತ್ತೇವೆ. ‘ಕೊಡು’ ಸೇರಿದರೆ ಇನ್ನೊಬ್ಬರಿಗಾಗಿ, ಅವರಿಗೆ ಬೇಕೆಂದು ಮಾಡುವ ಕೆಲಸವಾಗುತ್ತದೆ. ಕಾಲು ಮುರಿದು ಯಾರೂ ಕೊಡುವುದಿಲ್ಲ. ಮುರಿಯುತ್ತಾರೆ, ಮುರಿದು ಹಾಕುತ್ತಾರೆ. ಸಿಟ್ಟಿನಲ್ಲಿ ಮನುಷ್ಯ ವ್ಯಾಕರಣ ತಪ್ಪಬಹುದು ಎಂದು ಸಮಾಧಾನ ಮಾಡಿಕೊಂಡೆ. ಆದರೆ ಹದಿನೈದು ವರ್ಷ ಮೈಸೂರಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಸಿಟ್ಟು ಬಂದವರು ಬೈಗುಳದ ವ್ಯಾಕರಣವನ್ನು ತಪ್ಪುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ಪಿಆರ್‌ಓಗೆ ಫೋನ್ ಮಾಡಿ ಧ್ವನಿ ಸಂದೇಶ ಕಳಿಸಲು ಕೇಳಿದೆ.

“ನನ್ನ ಹತ್ರ ಇಲ್ಲ ಮೇಡಂ. ಸೆಕ್ಯುರಿಟಿಯವರಿಗೆ ಕೊಟ್ಟು ನನ್ನ ಫೋನಿಂದ ಡಿಲೀಟ್ ಮಾಡ್ಲಿಕ್ಕೆ ಹೇಳಿದ್ರು, ಮಾಡಿದೆ. ಈಗ ಯಾಕೆ? ಸ್ಟ್ಯಾಂಪ್ ಆಗಿದೆ, ಖಲಾಸ್.”

“ಒಂದು ಪದ ಅನುಮಾನ ಇದೆ ಸರ್.”

“ಅನುಮಾನ ಇದ್ರೆ ನಿನ್ನೆ ಹೇಳ್ಬೇಕಿತ್ತು,” ಎಂದು ಅವರು ಫೋನಿಟ್ಟರು.



ಗುರುವಾರ ಕೆಲಸ ಮುಗಿಸಿ ಬಂದವಳು ಊಟದ ಮೇಜಿನ ಮೇಲೆ ಕನ್ನಡ ನಿಘಂಟನ್ನು ಹರವಿದೆ. ವಿಮಾನದಲ್ಲಿ ಬರುವಾಗ ಹುರಿಹಿಟ್ಟು, ಚಟ್ನಿಪುಡಿಗಳನ್ನು ಕೈಬಿಟ್ಟು ಹೊತ್ತು ತಂದ ದಪ್ಪ ಪುಸ್ತಕ ಅದು. ‘ಕಾಲ್ಮುರಿ’ ಎಂದು ಒಂದೇ ಪದ ಏನಾದರೂ ಇರಬಹುದೇ ಎಂದು ಹುಡುಕಿದೆ. ಇರಲಿಲ್ಲ. ಬೆರಳು ಮೇಲಕ್ಕೆ ಸರಿಯಿತು. ಕೆಲವೇ ನಮೂದುಗಳ ಮೇಲೆ ಇನ್ನೊಂದು ಪದ ಇತ್ತು.

ಕಾಲ್ಮರಿ: ಪಾದರಕ್ಷೆ.

ಹಾಳೆಯ ಮಾತನ್ನು ಆ ಪದವಿಟ್ಟು ಮತ್ತೆ ಓದಿದೆ. ಚರ್ಮ ಸುಲಿದು ಕಾಲ್ಮರಿ ಮಾಡಿ ಕೊಡ್ತೀನಿ. ಈಗ ‘ಮಾಡಿ ಕೊಡು’ ತನ್ನ ಜಾಗದಲ್ಲಿ ಸರಿಯಾಗಿ ಕುಳಿತಿತ್ತು. ಈ ಮಾತನ್ನು ನಾನು ಬಾಲ್ಯದಿಂದ ಕೇಳಿದ್ದೆ. ‘ನನ್ನ ಚರ್ಮದಿಂದ ಚಪ್ಪಲಿ ಮಾಡಿ ಕೊಟ್ಟರೂ ನಿಮ್ಮ ಋಣ ತೀರದು’ ಎಂದು ನಮ್ಮ ಕಡೆ ಈಗಲೂ ಹೇಳುತ್ತಾರೆ. ಅದರ ಹಿಂದೆ ಕಲ್ಯಾಣದ ಶರಣರ ಐತಿಹ್ಯವಿದೆ. ಪಾದರಕ್ಷೆ ಹೊಲಿಯುತ್ತಿದ್ದ ಒಬ್ಬ ಶರಣ ಮಂತ್ರಿಗೆ ಕೈಮುಗಿದು ಶರಣು ಎಂದ. ಮಂತ್ರಿಯಾಗಿದ್ದವರು ತಿರುಗಿ ಎರಡು ಸಲ ಶರಣು ಎಂದರು. ಒಂದು ಶರಣಿನ ಭಾರ ತನ್ನ ಮೇಲೆ ಉಳಿಯಿತಲ್ಲ ಎಂದು ತಳಮಳಿಸಿ ಅವನೂ ಅವನ ಹೆಂಡತಿಯೂ ತಮ್ಮ ತೊಡೆಯ ಚರ್ಮ ತೆಗೆದು ಪಾದರಕ್ಷೆ ಮಾಡಿ ಒಯ್ದರು. ಅವನ್ನು ಮೆಟ್ಟಲು ತಾನು ಯೋಗ್ಯನಲ್ಲ ಎಂದು ಮಂತ್ರಿ ತಲೆಯ ಮೇಲೆ ಹೊತ್ತರು. ಕನ್ನಡದಲ್ಲಿ ಕೃತಜ್ಞತೆಗೆ ಇದಕ್ಕಿಂತ ದೊಡ್ಡ ಮಾತು ನನಗೆ ತಿಳಿದಂತೆ ಇಲ್ಲ.

ಹಾಗಾದರೆ ಅದನ್ನು ನಾನು ಗುರುತಿಸಲಿಲ್ಲ ಏಕೆ? ಆ ಮನುಷ್ಯ ಚಪ್ಪಲಿ ಎಂದಿದ್ದರೆ, ಮೆಟ್ಟು ಎಂದಿದ್ದರೆ, ಎಕ್ಕಡ ಎಂದಿದ್ದರೂ ಕೂಡಲೇ ಹಿಡಿಯುತ್ತಿದ್ದೆ. ಮೆಟ್ಟುವುದರಿಂದ ಮೆಟ್ಟು, ಎರಡು ಜೊತೆಗಿರುವುದರಿಂದ ಜೋಡು ಎಂದು ಮಕ್ಕಳಿಗೆ ಪಾಠ ಹೇಳಿದವಳು. ‘ಕೆರ’ ಎಂಬ ಹಳೆಯ ಪದದ ಬಂಧುಗಳೇ ತಮಿಳಿನ ಸೆರುಪ್ಪು, ಮಲಯಾಳದ ಚೆರಿಪ್ಪು, ತೆಲುಗಿನ ಚೆಪ್ಪು. ನಮ್ಮ ‘ಕ’ ಉಳಿದಲ್ಲಿ ಅವರದು ‘ಚ’ ಆಗುತ್ತದೆ, ನಮ್ಮ ಕಿವಿ ತೆಲುಗಿನಲ್ಲಿ ಚೆವಿ ಆದಂತೆ. ಇಷ್ಟೆಲ್ಲ ಗೊತ್ತಿದ್ದವಳಿಗೆ ನಮ್ಮದೇ ರಾಜ್ಯದ ಅರ್ಧದಷ್ಟು ಜನ ಕಾಲಿಗೆ ಹಾಕುವ ವಸ್ತುವಿನ ಹೆಸರು ಗೊತ್ತಿರಲಿಲ್ಲ. ‘ಮರಿ’ ಎಂಬುದು ಮರೆ, ಅಂದರೆ ಕಾಲಿಗೆ ಮರೆಯಾಗಿರುವುದು ಎಂದಿರಬಹುದೇ ಎಂದು ಊಹಿಸಿದೆ. ನಿಘಂಟು ಮೂಲವನ್ನು ಹೇಳಿರಲಿಲ್ಲ. ಇನ್ನು ಊಹೆ ಮಾಡುವ ಅಧಿಕಾರ ನನಗೂ ಉಳಿದಿರಲಿಲ್ಲ.

ಶುಕ್ರವಾರ ಮಧ್ಯಾಹ್ನದ ಪ್ರಾರ್ಥನೆ ಮುಗಿದು ಅಂಗಡಿಗಳು ತೆರೆಯುವ ಹೊತ್ತಿಗೆ ಪಿಆರ್‌ಓ ಅವರನ್ನು ಒಂದು ಕೆಫೆಟೇರಿಯಾದಲ್ಲಿ ಕಂಡೆ. ಬರಲು ಒಪ್ಪಿಸುವುದೇ ಕಷ್ಟವಾಯಿತು. ಮೇಜಿನ ಮೇಲಿನ ಕರಕ್ ಚಹಾವನ್ನು ಇಬ್ಬರೂ ಮುಟ್ಟಲಿಲ್ಲ.

“ನೀವು ಕೇಳಿದ್ದು ಮುರಿಯಾ, ಮರಿಯಾ?” ಎಂದೆ.

“ಮರಿ ಅಂದ್ರೆ ಎಂತ? ನಾಯಿಮರಿಯಾ?”

“ಕಾಲ್ಮರಿ. ಆ ಕಡೆ ಚಪ್ಪಲಿಗೆ ಹಾಗಂತಾರೆ.”

“ನಮ್ಮಲ್ಲಿ ಜೋಡು ಅಂತ ಹೇಳುದು. ನಾನು ಆ ಪದ ಕೇಳ್ಲೇ ಇಲ್ಲ ಮೇಡಂ. ಮುರಿ ಗೊತ್ತಿತ್ತು, ಮುರಿ ಅಂತ ಬರೆದೆ.” ಆಮೇಲೆ ದನಿ ತಗ್ಗಿಸಿ, “ಮೆಸೇಜ್ ಉದ್ದ ಇತ್ತು. ಹಿಂದೆ ಜನರೇಟರ್ ಶಬ್ದ. ಅವನ ಮಾತು ಸ್ಪೀಡ್. ನನಗೆ ಎರಡೇ ವಾಕ್ಯ ಕ್ಲಿಯರ್ ಸಿಕ್ಕಿದ್ದು. ಆ ಎಂಜಿನಿಯರ್ ಎದುರು ನಿಂತು ಏನು, ಏನು ಅಂತ ಕೇಳ್ತಾ ಇದ್ರು,” ಎಂದರು.

“ಉಳಿದದ್ದರಲ್ಲಿ ಏನಿತ್ತು?”

“ಗೊತ್ತಿಲ್ಲ.”

ಅಂದರೆ ಬೆದರಿಕೆಯೆಂದು ನಾನು ದೃಢೀಕರಿಸಿದ್ದು ಒಂದು ಉದ್ದ ಸಂದೇಶದ ಎರಡು ತುಣುಕುಗಳನ್ನು. ಕೆಲಸಗಾರ ಎಲ್ಲಿದ್ದಾನೆ ಎಂದು ಕೇಳಿದೆ. ಕೆಲಸಗಾರರು ಉಳಿಯುವ ಕ್ಯಾಂಪಿನಿಂದ ಹೊರಬಿಡುತ್ತಿಲ್ಲ ಎಂದರು. ವಿಚಾರಣೆಯಲ್ಲಿ ತಪ್ಪು ಸಾಬೀತಾದರೆ ಕೆಲಸದಿಂದ ವಜಾ, ಪೊಲೀಸ್ ದೂರು, ಆಮೇಲೆ ದೇಶ ಬಿಡಬೇಕು.

“ನೀವು ಭಾನುವಾರ ಬಂದು ಹೀಗೆಲ್ಲ ಹೇಳಿದ್ರೆ ನನ್ನ ಗತಿ ಎಂತ?” ಎಂದು ಅವರು ಕೇಳಿದರು.

“ನನ್ನ ಗತಿಯೂ ಅದೇ,” ಎಂದೆ. ಅವರು ಎದ್ದು ಹೋದರು.

ಶುಕ್ರವಾರ, ಶನಿವಾರ ಇಲ್ಲಿ ವಾರದ ರಜೆ. ಭಾನುವಾರ ಬೆಳಿಗ್ಗೆ ಏಳಕ್ಕೇ ಕಚೇರಿ ತಲುಪಿದೆ. ವಿಚಾರಣೆ ಹತ್ತಕ್ಕೆ. ನಮ್ಮ ಮ್ಯಾನೇಜರ್ ಕೇರಳದವರು, ಒಳ್ಳೆಯವರು, ಹೆದರುವವರು. ಪೂರ್ತಿ ಕೇಳಿಸಿಕೊಂಡು ಕನ್ನಡಕ ತೆಗೆದಿಟ್ಟರು.

“ನಮಗೆ ಕೊಟ್ಟ ಹಾಳೆಯಲ್ಲಿ ಮುರಿ ಅಂತ ಇದೆ. ಮುರಿ ಅಂತ ಅನುವಾದ ಮಾಡಿದ್ದೀರಿ. ತಪ್ಪು ಟೈಪ್ ಮಾಡಿದವರದು. ನೀವು ಸೇಫ್. ಸುಮ್ಮನಿರಿ.”

“ಹಾಳೆಯಲ್ಲಿ ‘ನಿನ್ನ’ ಅಂತ ಇರಲಿಲ್ಲ ಸರ್. ಅದು ನಾನು ಹಾಕಿದ್ದು.”

“ಅದನ್ನು ಯಾರು ನೋಡ್ತಾರೆ?”

“ಯಾರೂ ನೋಡಲ್ಲ.”

“ಮುದ್ರೆ ಬಿದ್ದದ್ದನ್ನು ನಾವೇ ವಾಪಸ್ ತಗೊಂಡ್ರೆ ನಾಳೆಯಿಂದ ಈ ಕಚೇರಿಯ ಯಾವ ಕಾಗದವನ್ನು ಯಾರು ನಂಬ್ತಾರೆ? ಇಲ್ಲಿ ಒಂಬತ್ತು ಜನರ ಹೊಟ್ಟೆಪಾಡು ನಡೀತಿದೆ. ಧ್ವನಿ ಕೇಳದೆ ಒಂದು ನಿಘಂಟಿನ ಮಾತಿನ ಮೇಲೆ ಹೋಗ್ತೀರಾ? ಅಲ್ಲಿ ಅವನು ನಿಜವಾಗಿಯೂ ಕಾಲು ಮುರೀತೀನಿ ಅಂದಿದ್ರೆ?”

ಅವರ ಪ್ರಶ್ನೆ ನ್ಯಾಯವಾದದ್ದೇ. ಮೂರು ದಿನದಿಂದ ನಾನೂ ಅದನ್ನೇ ಕೇಳಿಕೊಳ್ಳುತ್ತಿದ್ದೆ. ಅವನು ಹಾಗೆಯೇ ಅಂದಿದ್ದರೆ ನಾನು ಕೆಲಸವನ್ನೂ ಹೆಸರನ್ನೂ ಕಳೆದುಕೊಂಡು ಒಬ್ಬ ಬೆದರಿಕೆ ಹಾಕಿದವನ ಪರವಾಗಿ ನಿಂತಂತಾಗುತ್ತಿತ್ತು. ಆದರೆ ಅಂದಿದ್ದಾನೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗೊತ್ತಿದೆ ಎಂದು ಸಹಿ ಹಾಕಿದ್ದೆ. ತಪ್ಪು ಇದ್ದದ್ದು ಅಲ್ಲಿ.

ಕಂಪ್ಯೂಟರಿನ ಮುಂದೆ ಕುಳಿತು ನಾಲ್ಕು ಸಾಲು ಬರೆದೆ. ಬುಧವಾರದ ಅನುವಾದವನ್ನು ಧ್ವನಿಮುದ್ರಣ ಕೇಳದೆ ಮಾಡಲಾಗಿತ್ತು. ಅದರಲ್ಲಿ ಮೂಲದಲ್ಲಿಲ್ಲದ ಒಂದು ಪದವನ್ನು ಅನುವಾದಕಿ ಸೇರಿಸಿದ್ದಾಳೆ. ಒಂದು ಪದದ ಓದು ಸಂದೇಹಾಸ್ಪದ. ಆದ್ದರಿಂದ ಅದನ್ನು ಹಿಂದಕ್ಕೆ ಪಡೆಯುತ್ತಿದ್ದೇನೆ. ಸಹಿ ಹಾಕಿದೆ. ಮ್ಯಾನೇಜರ್ ಮುದ್ರೆಯನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. ಮುದ್ರೆಯಿಲ್ಲದೆಯೇ ಹಾಳೆಯನ್ನು ಮಡಚಿಕೊಂಡೆ.

ಉಸ್ತಾದರು ಅಷ್ಟು ಹೊತ್ತೂ ಬಾಗಿಲ ಬಳಿ ನಿಂತಿದ್ದರು. “ಅರಬ್ಬಿ ನನ್ನದು,” ಎಂದು ಕೈಚಾಚಿ ಹಾಳೆ ತೆಗೆದುಕೊಂಡು ನನ್ನ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು. “ಯಲ್ಲಾ, ನಡಿ, ಹೊತ್ತಾಯಿತು.”

ಅಲ್ ರಯ್ಯಾನಿನ ಸೈಟ್ ಆಫೀಸಿಗೆ ಹೋಗುವ ದಾರಿಯಲ್ಲಿ ಉಸ್ತಾದರು ಒಂದೇ ವಿಷಯ ಕೇಳಿದರು. “ಒಂದು ವೇಳೆ ನೀನು ಹೇಳಿದ ಪದವೇ ಆಗಿದ್ದರೆ, ಅರಬ್ಬಿಯಲ್ಲಿ ಏನು ಹಾಕಲಿ? ಇದು ಬುಧವಾರದ್ದಕ್ಕಿಂತ ಕಷ್ಟ.”

ಆಗಲೇ ನನಗೆ ಹೊಳೆದದ್ದು. ಇಲ್ಲಿ ಕಾಲಿನ ಮೇಲೆ ಕಾಲು ಹಾಕಿ ಚಪ್ಪಲಿಯ ಅಡಿಯನ್ನು ಎದುರಿನವರಿಗೆ ತೋರಿಸುವುದೂ ಅವಮಾನ. ಒಬ್ಬರ ಹೆಸರಿನ ಜೊತೆ ಚಪ್ಪಲಿಯನ್ನು ಸೇರಿಸಿದರೆ ಅದು ಬೈಗುಳ. ಸರಿಯಾದ ಅನುವಾದವೇ ತಪ್ಪಿಗಿಂತ ಕೆಟ್ಟದಾಗಿ ಕೇಳಿಸಬಹುದಿತ್ತು.

“ಜಜ್ಮಾ ಎಂದರೆ ಬೂಟು. ತುರ್ಕಿಯಿಂದ ಬಂದ ಪದ. ಜಗಳದಲ್ಲೇ ಹೆಚ್ಚು ಓಡಾಡಿ ಕೆಟ್ಟಿದೆ. ಅದು ಬೇಡ,” ಎಂದು ಉಸ್ತಾದರು ತಮ್ಮಷ್ಟಕ್ಕೇ ಎಣಿಸಿದರು. “ಇಲ್ಲಿಯ ಜನ ಜೂತಿ ಅಂತಾರೆ.”

“ಅದು ನಮ್ಮ ಹಿಂದಿಯದ್ದು, ಹಡಗಿನಲ್ಲಿ ಬಂದಿರಬೇಕು,” ಎಂದೆ.

“ಆದರೆ ಕಾಗದದಲ್ಲಿ ಬರೆಯುವ ಪದವಲ್ಲ. ನಅಲ್ ಹಾಕುತ್ತೇನೆ. ಹಳೆಯ ಪದ, ಧರ್ಮಗ್ರಂಥದಲ್ಲೂ ಬರುತ್ತದೆ. ಅದಕ್ಕೆ ಮಣ್ಣಿನ ವಾಸನೆ ಇದೆ, ಬೈಗುಳದ್ದಲ್ಲ.”

ವಿಚಾರಣೆಯ ಕೋಣೆ ಒಂದು ಉದ್ದನೆಯ ಪೋರ್ಟಾ ಕ್ಯಾಬಿನ್. ಮೇಜಿನ ತುದಿಯಲ್ಲಿ ಕಂಪನಿಯ ಎಚ್‌ಆರ್ ಮುಖ್ಯಸ್ಥೆ, ಲೆಬನಾನಿನವರು. ಅವರ ಎಡಕ್ಕೆ ಎಂಜಿನಿಯರ್. ನಾನು ಜೋರುದನಿಯ ದೊಡ್ಡ ಆಳನ್ನು ಕಲ್ಪಿಸಿಕೊಂಡಿದ್ದೆ. ಇವರು ಮೂವತ್ತೈದರ ಆಸುಪಾಸಿನ ತೆಳ್ಳಗಿನ ಮನುಷ್ಯ, ಕಣ್ಣ ಕೆಳಗೆ ಕಪ್ಪು. ಸಂದೇಶ ಬಂದಾಗಿನಿಂದ ಮಕ್ಕಳನ್ನು ಶಾಲೆಗೆ ತಾವೇ ಬಿಟ್ಟು ತಾವೇ ಕರೆತರುತ್ತಿದ್ದರಂತೆ. ಆ ಭಯದಲ್ಲಿ ನನ್ನ ಪಾಲೂ ಇತ್ತು. ಪಿಆರ್‌ಓ ಗೋಡೆಗೆ ಒರಗಿ ನೆಲ ನೋಡುತ್ತಿದ್ದರು.

ನಾನು ಹಾಳೆಯನ್ನು ಕೊಟ್ಟೆ. ಮುಖ್ಯಸ್ಥೆ ಓದಿ ತಲೆಯೆತ್ತಿದರು. “ಬುಧವಾರ ಖಚಿತವಾಗಿ ಒಂದು ಹೇಳಿದಿರಿ. ಇವತ್ತು ಅದು ಅಲ್ಲ ಅನ್ನುತ್ತೀರಿ. ಇವತ್ತಿನದನ್ನು ನಾನೇಕೆ ನಂಬಬೇಕು?”

“ನಂಬಬೇಡಿ. ಧ್ವನಿ ಕೇಳಿಸಿ.”

ಸೆಕ್ಯುರಿಟಿಯವರ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕಿದರು. ಜನರೇಟರಿನ ಗುಡುಗು. ಅದರ ಒಳಗೆಲ್ಲೋ ಒಬ್ಬ ಮನುಷ್ಯ ಬಡಬಡನೆ ಮಾತಾಡುತ್ತಿದ್ದ. ಮೊದಲ ಸಲ ನನಗೆ ಏನೂ ತಿಳಿಯಲಿಲ್ಲ. ಎರಡನೆಯ ಸಲ, ಕೊನೆಯ ಹತ್ತಿರ, ಆ ಪದ. ಕಾಲ್ಮರಿ. ‘ಮ’ ಸ್ಪಷ್ಟವಾಗಿತ್ತು, ಅದರಲ್ಲಿ ಉಕಾರ ಇರಲಿಲ್ಲ.

“ಪದ ಕಾಲ್ಮರಿ. ಪಾದರಕ್ಷೆ ಎಂದು ಅರ್ಥ. ಚರ್ಮದಿಂದ ಪಾದರಕ್ಷೆ ಮಾಡಿ ಕೊಡುತ್ತೇನೆ ಎನ್ನುತ್ತಿದ್ದಾನೆ,” ಎಂದೆ.

ಉಸ್ತಾದರು ಅರಬ್ಬಿಯಲ್ಲಿ ಹೇಳುವ ಮೊದಲೇ ಎಂಜಿನಿಯರ್ ಕುರ್ಚಿ ಹಿಂದಕ್ಕೆ ದೂಡಿ ಎದ್ದರು. “ನನ್ನ ಚರ್ಮದಿಂದ ಚಪ್ಪಲಿ? ಇದು ಮೊದಲಿನದಕ್ಕಿಂತ ಒಳ್ಳೆಯದೇ?”

“ಯಾರ ಚರ್ಮ? ಅದನ್ನು ಹೇಳಿ,” ಎಂದರು ಮುಖ್ಯಸ್ಥೆ.

ಮೂರನೆಯ ಸಲ ಹಾಕಿದರು. ‘ಚರ್ಮ’ ಎನ್ನುವ ಪದಕ್ಕೆ ಮೊದಲು ಒಂದು ಸಣ್ಣ ಶಬ್ದವಿತ್ತು. ‘ನನ್ನ’ ಇರಬಹುದು, ‘ನಿಮ್ಮ’ ಇರಬಹುದು. ಜನರೇಟರ್ ಅದನ್ನು ನುಂಗಿತ್ತು. ಕೋಣೆಯಲ್ಲಿದ್ದವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಪಿಆರ್‌ಓ ಕೂಡ. ‘ನನ್ನ’ ಎಂದು ನಾನೊಂದು ಮಾತು ಹೇಳಿದ್ದರೆ ಎಲ್ಲವೂ ಅಲ್ಲಿಗೇ ಮುಗಿಯುತ್ತಿತ್ತು. ಅದೇ ಸತ್ಯವೆಂದು ನನ್ನ ಮನಸ್ಸು ಹೇಳುತ್ತಿತ್ತು. ಆದರೆ ಕಿವಿ ಹೇಳುತ್ತಿರಲಿಲ್ಲ.

“ಆ ಪದ ನನಗೆ ಕೇಳಿಸುತ್ತಿಲ್ಲ,” ಎಂದೆ.

ಮುಖ್ಯಸ್ಥೆ ಪೆನ್ನು ಕೆಳಗಿಟ್ಟರು. ನಾನು ಗಾಬರಿಯಲ್ಲೇ ಮುಂದುವರಿಸಿದೆ. “ನನಗೆ ಅರ್ಧ ಗಂಟೆ ಕೊಡಿ, ಇಯರ್‌ಫೋನ್ ಕೊಡಿ. ಬುಧವಾರ ನನಗೆ ಬಂದದ್ದು ಎರಡು ವಾಕ್ಯ. ಸಂದೇಶ ಅದಕ್ಕಿಂತ ಉದ್ದ ಇದೆ. ಪೂರ್ತಿ ಬರೆದು ಕೊಡುತ್ತೇನೆ. ಕೇಳಿಸದ್ದನ್ನು ಖಾಲಿ ಬಿಡುತ್ತೇನೆ.”

ಅವರು ಗಡಿಯಾರ ನೋಡಿದರು. “ಮೂವತ್ತು ನಿಮಿಷ.”

ಪಕ್ಕದ ಕೋಣೆಯಲ್ಲಿ ಕುಳಿತು ಹಾಳೆಗೆ ಎರಡು ಗೆರೆ ಎಳೆದು ಮೂರು ಕಾಲಮ್ ಮಾಡಿದೆ. ಮೊದಲ ಕಾಲಮ್ಮಿನಲ್ಲಿ ಸೆಕೆಂಡು, ಎರಡನೆಯದರಲ್ಲಿ ಕಿವಿಗೆ ಬಿದ್ದ ಕನ್ನಡ, ಮೂರನೆಯದರಲ್ಲಿ ಪದಕ್ಕೆ ಪದ ಇಂಗ್ಲಿಷ್. ವೇಗ ಅರ್ಧಕ್ಕೆ ಇಳಿಸಿದೆ. ಹಾಗೆ ಇಳಿಸಿದಾಗ ಆ ಮನುಷ್ಯನ ದನಿ ಅಳುವಿನಂತೆ ಕೇಳಿಸಿತು. ಅದನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಮನಸ್ಸಿಗೆ ಹೇಳಿಕೊಂಡೆ. ಮೂರು ಮೂರು ಸೆಕೆಂಡಿನ ತುಂಡುಗಳನ್ನು ಮತ್ತೆ ಮತ್ತೆ ತಿರುಗಿಸಿದೆ. ಉಸ್ತಾದರು ಎದುರು ಕುಳಿತು, ಒಂದೊಂದು ಸಾಲು ಮುಗಿದಂತೆ ಅರಬ್ಬಿ ಬರೆಯುತ್ತ ಹೋದರು. ಇಪ್ಪತ್ತೆಂಟನೆಯ ನಿಮಿಷಕ್ಕೆ ಇದು ಸಿದ್ಧವಾಯಿತು:

‘ಸಾಹೇಬ್ರ, ನಮಸ್ಕಾರ್ರೀ. ಅವತ್ತ ಪಾಸ್ ಕಸಗೊಂಡಾಗ ನಾ ಭಾಳ ಬೈದೆ, ಮನಸಿನ್ಯಾಗ ಇಟ್ಕೋಬ್ಯಾಡ್ರಿ. ದವಾಖಾನ್ಯಾಗ ಡಾಕ್ಟರ್ ಅಂದ್ರು, ಇನ್ನೆರಡ ದಿನ ತಡಾ ಆಗಿದ್ರ ಕಾಲಬೆರಳ ತೆಗೀಬೇಕಾಗ್ತಿತ್ತಂತ. ನನಗ ಸಕ್ರಿ ಕಾಯಿಲೆ ಐತಂತ, ಗೊತ್ತ ಇರಲಿಲ್ಲರೀ. ನೀವ್ ಮಾಡಿದ್ದ ನಾ ಸಾಯೂತನಕ ಮರಿಯೂದಿಲ್ಲ. (ಒಂದು ಪದ ಅಸ್ಪಷ್ಟ) ಚರ್ಮ ಸುಲ್ದು ಕಾಲ್ಮರಿ ಮಾಡಿ ಕೊಡ್ತೀನಿ ಅಂದ್ರೂ ನಿಮ್ಮ ಋಣ ಹರಿಯೂದಿಲ್ಲ.’

ಕೊನೆಯ ಸಾಲಿನ ‘ಅಂದ್ರೂ’ ಎಂಬ ಪದ ಸಿಕ್ಕಾಗ ಇಯರ್‌ಫೋನ್ ತೆಗೆದು ಕಣ್ಣು ಮುಚ್ಚಿ ಕುಳಿತೆ. ಪಿಆರ್‌ಓ ಬಾಗಿಲಲ್ಲಿ ನಿಂತು ಅದನ್ನೆಲ್ಲ ಓದಿಕೊಂಡರು. “ಸಕ್ರಿ ಅಂದದ್ದು ನನಗೆ ಚಕ್ರ ಅಂತ ಕೇಳಿಸಿತ್ತು,” ಎಂದಷ್ಟೇ ಹೇಳಿದರು.

ಎಂಜಿನಿಯರ್ ಅರಬ್ಬಿ ಹಾಳೆಯನ್ನು ಎರಡು ಸಲ ಓದಿದರು. ಬೆರಳಿನ ವಿಷಯ ಬಂದಲ್ಲಿ ಅವರ ಉಗುರು ನಿಂತಿತು. ಕತ್ತರಿಸಿದ ಬೂಟಿನಲ್ಲಿ ಕಂಡ ಗಾಯ ನೋಡಿ ಅವನನ್ನು ಕ್ಲಿನಿಕ್ಕಿಗೆ ಕಳಿಸಲು ಅಂದು ಚೀಟಿ ಬರೆದವರು ಅವರೇ. ಆಮೇಲೆ ಏನಾಯಿತೆಂದು ಅವರಿಗೆ ಯಾರೂ ಹೇಳಿರಲಿಲ್ಲ.

“ಕೆಲಸಗಾರನನ್ನು ಕರೆಯಿರಿ,” ಎಂದರು ಮುಖ್ಯಸ್ಥೆ. “ಖಾಲಿ ಬಿಟ್ಟ ಜಾಗವನ್ನು ಅವನೇ ತುಂಬಲಿ.”

ಬಂದವನು ನಲವತ್ತು ದಾಟಿದ, ನರೆತ ಮೀಸೆಯ ಮನುಷ್ಯ. ಎಡಗಾಲಿಗೆ ಬ್ಯಾಂಡೇಜು, ಆಸ್ಪತ್ರೆಯ ಅಗಲವಾದ ಚಪ್ಪಲಿ. ಅದನ್ನು ಬಾಗಿಲ ಹೊರಗೇ ಬಿಟ್ಟು ಬರಲು ಹೊರಟವನನ್ನು ನಾನು ಬೇಡವೆಂದೆ. ಪ್ರಶ್ನೆಯಲ್ಲಿ ಉತ್ತರದ ಸುಳಿವು ಇರಬಾರದೆಂದು ಒಂದೊಂದೇ ಪದ ಆರಿಸಿ ಕೇಳಿದೆ. “ಚರ್ಮ ಸುಲಿದು ಕಾಲ್ಮರಿ ಮಾಡಿ ಕೊಡ್ತೀನಿ ಅಂದಿದ್ದೀರಿ. ಅದು ಯಾರ ಚರ್ಮ?”

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. “ನಂದರೀ. ಮತ್ತ ಯಾರದು?”

ಅದನ್ನು ಇಂಗ್ಲಿಷಿಗೆ ತಂದೆ. ಉಸ್ತಾದರು ಅರಬ್ಬಿಗೆ ತಂದರು. ಜೊತೆಗೆ ಕಲ್ಯಾಣದ ಆ ಗಂಡ ಹೆಂಡತಿಯ ಕಥೆಯನ್ನೂ ನನ್ನಿಂದ ಕೇಳಿಕೊಂಡು ನಾಲ್ಕೇ ಮಾತಿನಲ್ಲಿ ಹೇಳಿದರು. ಎಂಜಿನಿಯರ್ ಹಾಳೆಯನ್ನು ಮಡಚಿಟ್ಟರು. ನಂತರ ಎದ್ದುಹೋಗಿ ತಮ್ಮ ಕುರ್ಚಿಯನ್ನು ಅವನ ಹಿಂದೆ ಇಟ್ಟು, “ಉಕುದ್, ಉಕುದ್,” ಎಂದರು. ಕೂತುಕೋ ಎಂದು. ಆ ಕಾಲಿನ ಮೇಲೆ ಅವನು ಅಷ್ಟು ಹೊತ್ತು ನಿಂತಿದ್ದುದು ನಮಗಾರಿಗೂ ಹೊಳೆದಿರಲಿಲ್ಲ.

ದೂರು ಅಂದೇ ರದ್ದಾಯಿತು. ಹಾಗೆಂದು ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಕ್ಯಾಂಪಿನಲ್ಲಿ ಹಿಡಿದಿಟ್ಟ ದಿನಗಳಲ್ಲಿ ಅವನ ಎರಡು ಡ್ರೆಸ್ಸಿಂಗ್ ತಪ್ಪಿದ್ದವು. ಮಾಯುತ್ತಿದ್ದ ಗಾಯ ಮತ್ತೆ ಬಾಯಿ ಬಿಟ್ಟಿತ್ತು. ಬೆರಳು ಉಳಿಯಿತು, ಆದರೆ ಇನ್ನೊಂದು ತಿಂಗಳು ನರಳಿದ. ಆಮೇಲೆ ಅವನಿಗೆ ಉಪಕರಣಗಳ ಸ್ಟೋರಿನಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ಆ ಕಂಪನಿ ನಮ್ಮ ಕಚೇರಿಗೆ ಕಾಗದ ಕಳಿಸುವುದನ್ನು ನಿಲ್ಲಿಸಿತು. ಮ್ಯಾನೇಜರ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಆರು ತಿಂಗಳು ದೃಢೀಕರಣಕ್ಕೆ ಸಹಿ ಹಾಕಲು ಬಿಡಲಿಲ್ಲ. ನಾನು ವಾದಿಸಲೂ ಇಲ್ಲ.

ಅಂದು ಹೊರಗೆ ಬಂದಾಗ ಅವನು ಕ್ಯಾಬಿನ್ನಿನ ನೆರಳಿನಲ್ಲಿ ಕ್ಯಾಂಪಿನ ಬಸ್ಸಿಗೆ ಕಾಯುತ್ತಿದ್ದ. ಒಳಗೆ ನಡೆದದ್ದು ಅವನಿಗೆ ಅರ್ಧವೂ ತಿಳಿದಿರಲಿಲ್ಲ.

“ನಾ ಏನ್ ತಪ್ಪ ಮಾತಾಡಿದ್ನಿರೀ ಅಕ್ಕಾರ?” ಎಂದು ಕೇಳಿದ.

“ನೀವೇನೂ ತಪ್ಪು ಮಾತಾಡಿಲ್ಲ. ಕಾಲ್ಮರಿ ಅನ್ನೋದನ್ನ ಕಾಲು ಮುರಿ ಅಂತ ಬರೆದುಬಿಟ್ಟಿದ್ದರು.”

“ಅಯ್ಯ ಶಿವನ!” ಎಂದು ಅವನು ನಕ್ಕ. ನಗು ಅರ್ಧಕ್ಕೆ ನಿಂತಿತು. “ಅದನ್ನ ಯಾರ ಬರದಿದ್ರು?”

ಟೈಪ್ ಮಾಡಿದವರ ಹೆಸರು ನಾಲಿಗೆಯ ತುದಿಗೆ ಬಂತು. ಅದೂ ನಿಜವೇ ಆಗಿತ್ತು.

“ಇಂಗ್ಲಿಷಿಗೆ ಬರೆದು ಸಹಿ ಹಾಕಿದ್ದು ನಾನೇ. ನಮ್ಮ ಕಡೆ ಆ ಪದ ಇಲ್ಲ. ನನಗೆ ತಿಳಿದಿರಲಿಲ್ಲ.”

ಅವನು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು. ತನ್ನ ಬ್ಯಾಂಡೇಜಿನತ್ತ ಒಮ್ಮೆ ನೋಡಿಕೊಂಡ. “ನಮ್ಮಪ್ಪ ಕಾಲ್ಮರಿ ಹೊಲಿತಿದ್ದ. ಅಟ್ಟಿ, ಉಂಗುಟ, ಬಾರು, ಒಂದೊಂದಕ್ಕೂ ಒಂದೊಂದ ಹೆಸರ. ತಿಳೀಲಿಲ್ಲಂದ್ರ ಗಿರಾಕಿ ಬಾಯಿಬಿಟ್ಟ ಕೇಳ್ತಿದ್ರು, ಅಪ್ಪ ಕೈಯಾಗ ಹಿಡದು ತೋರಸ್ತಿದ್ದ.”

ಬಸ್ಸು ಬಂತು. ಮೆಟ್ಟಿಲು ಹತ್ತಲು ನಾನು ಕೈ ಕೊಡಲು ಹೋದೆ. ಅವನು ಕಂಬಿ ಹಿಡಿದುಕೊಂಡು, ನೋವಿಲ್ಲದ ಕಾಲನ್ನು ಮೊದಲು ಮೇಲಿಟ್ಟು, ತಾನೇ ಹತ್ತಿದ. ಬಾಗಿಲಲ್ಲಿ ತಿರುಗಿ ನಿಂತ.

“ನಿಮಗ ಕನ್ನಡ ಬರ್ತೈತಲ್ಲರೀ ಅಕ್ಕಾರ,” ಎಂದ. “ನನ್ನ ಕೇಳಿದ್ರ ನಾ ಹೇಳ್ತಿದ್ನಿ.”